ಅರ್ಧವಿರಾಮ ಮುಗಿದ ಮೇಲೆ ಹೊರಡುವುದು

ಸೆಪ್ಟೆಂಬರ್ 4, ಗುರುವಾರ

ಮೋಟೆಲಿನವರು ನನ್ನನ್ನು ಹೊರಗೆ ಹಾಕಿದರು. ಕತ್ತು ಹಿಡಿದು ದಬ್ಬಲಿಲ್ಲ, ನಗುನಗುತ್ತಲೇ ಹಾಕಿದರು.

"ಸರ್, ನಾಳೆ ಬೆಳಿಗ್ಗೆ ರೂಮ್ ಖಾಲಿ ಮಾಡ್ಬೇಕಲ್ಲಾ" ಎಂದಳು ಕೌಂಟರಿನ ಹುಡುಗಿ.

"ಯಾಕಮ್ಮ? ನಾನೇನು ಮಂಚ ಮುರಿದ್ನಾ?"

"ಶನಿವಾರ ಆಟ ಇದೆಯಲ್ಲ ಸರ್. ಹೋದ ವರ್ಷಾನೇ ಬುಕ್ ಆಗ್ಬಿಟ್ಟಿದೆ. ಹ್ಯಾಲೊವೆಲ್‌ನಲ್ಲಿ ಇಡೀ ಊರು ಹುಡುಕಿದ್ರೂ ನಿಮ್ಗೆ ಒಂದು ಮೂಲೆನೂ ಸಿಗಲ್ಲ."

"ನನ್ನ ಹೆಂಡತಿ ಆಸ್ಪತ್ರೇಲಿದಾಳೆ ಕಣಮ್ಮ."

"ಅಯ್ಯೋ ಪಾಪ. ಭಾನುವಾರ ಮಧ್ಯಾಹ್ನ ಬನ್ನಿ, ಎಲ್ಲಾ ಖಾಲಿ ಇರುತ್ತೆ."

ಅಂದರೆ ಶುಕ್ರವಾರ, ಶನಿವಾರ ನೆಲ್ಡಾಳ ಕಾಯಿಲೆ ರಜೆ ತೆಗೆದುಕೊಳ್ಳಬೇಕು! ಆಸ್ಪತ್ರೆಯಲ್ಲಿ ಮಲಗೋಣವೆಂದರೆ ಅವಳದು ಇಬ್ಬರು ಹೆಂಗಸರ ಕೋಣೆ, ರಾತ್ರಿ ಗಂಡಸರಿಗೆ ಜಾಗವಿಲ್ಲ. ಮನೆಗೆ ಹೋಗಿ ಬರೋಣವೆಂದರೆ ಟಸ್ಕರ್ ಕ್ರೀಕ್ ಎರಡೂವರೆ ಗಂಟೆಯ ದಾರಿ. ಆಟದ ದಿನ ಅದು ಎಷ್ಟಾಗುತ್ತದೋ ದೇವರೇ ಬಲ್ಲ. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟುಕೊಂಡ ಜನರ ಹತ್ತಿರ ಇನ್ನೇನು ನ್ಯಾಯ ಕೇಳುವುದು?

ಇಲ್ಲಿನ ಕಾಲೇಜು ತಂಡದ ಹೆಸರು ಹೇಸರಗತ್ತೆಗಳು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ವಕೀಲರು, ದಂತವೈದ್ಯರು, ಪಾದ್ರಿಗಳು, ಎಲ್ಲರೂ ಕಡುಹಸಿರು ಅಂಗಿ ತೊಟ್ಟು ಬೀದಿಯಲ್ಲಿ ನಿಂತು ಕತ್ತೆಯ ಹಾಗೆ ಅರಚುತ್ತಾರೆ. ನೆಲ್ಡಾ ಇಲ್ಲಿಯೇ ಓದಿದವಳು. ಕಾಲೇಜಿನ ಬ್ಯಾಂಡಿನಲ್ಲಿ ಪಿಕೊಲೊ ಎಂಬ ಪುಟ್ಟ ಕೊಳಲು ನುಡಿಸುತ್ತಿದ್ದಳು. ಅವಳೂ ಅರಚಿದವಳೇ. ನಾನು ಪಿಯಾನೊ ಶ್ರುತಿ ಮಾಡುವವನು. ನನಗೆ ಆ ಸದ್ದು ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ.

ಅವಳ ಮುಂದೆ ಇದನ್ನೆಲ್ಲ ಬೈಯುವ ಹಾಗಿಲ್ಲ. ಅದಕ್ಕೇ ಇಲ್ಲಿ ಬೈದುಕೊಳ್ಳುತ್ತಿದ್ದೇನೆ.

ಸೆಪ್ಟೆಂಬರ್ 6, ಶನಿವಾರ

ಆಸ್ಪತ್ರೆಯ ಎದುರಿಗೆ ಚರ್ಚಿನ ಹುಲ್ಲುಗಾವಲಿದೆ. ನಿನ್ನೆ ಸಂಜೆ ಅಲ್ಲಿ ಒಂದು ಪೆಕಾನ್ ಮರದ ಕೆಳಗೆ ವ್ಯಾನು ನಿಲ್ಲಿಸಿ, ಉಪಕರಣದ ಪೆಟ್ಟಿಗೆಗಳ ಪಕ್ಕದಲ್ಲೇ ಮುದುಡಿ ಮಲಗಿದ್ದೆ. ಬೆಳಕು ಹರಿಯುವ ಮೊದಲೇ ಯಾರೋ ಕಿಟಕಿ ಬಡಿದರು. ಬಾಗಿಲಿನಷ್ಟೇ ಅಗಲದ ಆಸಾಮಿ.

"ಯಜಮಾನ್ರೇ, ನೀವು ನಿಲ್ಸಿರೋದು ನಮ್ಮ ಜಾಗ."

"ಜಾಗದ ಮೇಲೆ ನಿಮ್ಮ ಹೆಸರು ಬರೆದಿದ್ಯಾ?"

"ಬರ್ದಿಲ್ಲ. ಆದ್ರೆ ಆಟದ ದಿನ ನಮ್ಮಪ್ಪ ಈ ಮರದ ಕೆಳಗೇ ಡೇರೆ ಹಾಕಿ ಹಂದಿ ಸುಡ್ತಿದ್ದ, ಈಗ ನಾನು ಸುಡ್ತೀನಿ. ಇಲ್ಲಿ ಎಲ್ರಿಗೂ ಗೊತ್ತು." ವ್ಯಾನಿನ ಮೇಲಿದ್ದ ಅಕ್ಷರ ಓದಿದ. "ಪಿಕೆನ್ಸ್ ಪಿಯಾನೊ. ಆಟದ ದಿನ ಪಿಯಾನೊ ರಿಪೇರಿಗೆ ಬಂದ್ರಾ? ಅಬ್ಬಬ್ಬಾ, ದುಡೀರಿ ದುಡೀರಿ."

"ನನ್ನ ಹೆಂಡತಿ ಅಲ್ಲಿದಾಳೆ" ಎಂದು ಆಸ್ಪತ್ರೆಯ ಕಡೆ ಕೈ ತೋರಿಸಿದೆ.

ಅವನ ಮುಖ ಇಳಿದುಹೋಯಿತು. ತಿರುಗಿ ತನ್ನವರಿಗೆ, "ಏಯ್, ಡೇರೆ ಆ ಕಡೆ ಸರ್ಸ್ರೋ, ಅಣ್ಣ ಇಲ್ಲೇ ಇರ್ಲಿ" ಎಂದು ಕೂಗಿದ. ಹೆಸರು ಹಾಯ್ಟ್ ಲೆಡ್ಬೆಟರ್ ಅಂತೆ. ಅವನ ಹೆಂಡತಿ ವರ್ಲೀನ್ ಹನ್ನೊಂದರ ಹೊತ್ತಿಗೆ ಒಂದು ತಟ್ಟೆ ತುಂಬಿಸಿಕೊಂಡು ಬಂದಳು. ಬೇಡಮ್ಮ, ಊಟ ಆಯಿತು ಎಂದು ಸುಳ್ಳು ಹೇಳಿ ವಾಪಸು ಕಳಿಸಿದೆ. ಗುರುತು ಪರಿಚಯವಿಲ್ಲದವರ ಅನ್ನ ತಿನ್ನುವ ಗತಿ ನನಗೆ ಬಂದಿಲ್ಲ. ವ್ಯಾನಿನಲ್ಲಿ ಒಣ ಬನ್ನು ತಿಂದೆ.

ಇದನ್ನು ನೆಲ್ಡಾಗೆ ಹೇಳಿದ್ದೇ ತಪ್ಪಾಯಿತು.

"ತಟ್ಟೆ ವಾಪಸ್ ಕಳ್ಸಿದ್ರಾ? ಹಿಕರಿ ಕಟ್ಟಿಗೆ ಹೊಗೇಲಿ ರಾತ್ರಿಯೆಲ್ಲಾ ಬೆಂದಿರೋ ಹಂದಿ ಭುಜ? ರೀ, ನಿಮ್ಗೆ ಬುದ್ಧಿ ನೆಟ್ಟಗಿದ್ಯಾ?"

"ಪರಿಚಯ ಇಲ್ಲ ಕಣೇ."

"ತಿಂದ್ರೆ ತಾನೇ ಪರಿಚಯ ಆಗೋದು! ನಂಗಂತೂ ಒಂದು ಗುಟುಕು ನೀರು ನಿಲ್ತಿಲ್ಲ. ನೀವು ತಿಂದು ಬಂದು ನಂಗೆ ಹೇಳಿ. ಅಷ್ಟೂ ಮಾಡೋಕಾಗಲ್ವಾ?"

ಕೋಪದಲ್ಲಿ ಅವಳ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಆ ಕಾರಣಕ್ಕೆ ಬೈಸಿಕೊಂಡು ಸುಮ್ಮನೆ ಕೂತೆ.

ಸೆಪ್ಟೆಂಬರ್ 7, ಭಾನುವಾರ

ಹೇಸರಗತ್ತೆಗಳು ಗೆದ್ದವಂತೆ. ನನಗೇನು. ಮೋಟೆಲಿನಲ್ಲಿ ರೂಮು ಸಿಕ್ಕಿತು. ದಿಂಬೆಲ್ಲ ಯಾರದೋ ಬಿಯರ್ ವಾಸನೆ.

ಸೆಪ್ಟೆಂಬರ್ 20, ಶನಿವಾರ

ಮತ್ತೆ ಆಟ, ಮತ್ತೆ ವ್ಯಾನು. ಮರದ ಕೆಳಗೆ ಹಾಯ್ಟ್ ಮೊದಲೇ ಎರಡು ಕುರ್ಚಿ ಹಾಕಿ ನನ್ನ ಜಾಗ ಹಿಡಿದಿಟ್ಟಿದ್ದ. ನಾನೇನು ಕೇಳಿರಲಿಲ್ಲ.

ನೆಲ್ಡಾಳ ಅಪ್ಪಣೆಯಂತೆ ತಟ್ಟೆ ಇಸಿದುಕೊಂಡು ತಿಂದೆ. ಹೋಗಿ ವರದಿ ಒಪ್ಪಿಸಿದೆ: ಚೆನ್ನಾಗಿತ್ತು.

"ಚೆನ್ನಾಗಿತ್ತು ಅಂದ್ರೆ?"

"ಚೆನ್ನಾಗಿತ್ತು ಅಂದ್ರೆ ಚೆನ್ನಾಗಿತ್ತು."

"ಪಿಯಾನೊ ಚೆನ್ನಾಗಿದೆ ಅಂತ ಹೇಳಿ ಎದ್ದು ಬರ್ತೀರಾ ನೀವು? ಯಾವ ತಂತಿ ಇಳ್ದಿದೆ, ಯಾವ ಸುತ್ತಿಗೆ ಸವ್ದಿದೆ ಅಂತ ಗಂಟೆಗಟ್ಲೆ ಕೊರೀತೀರಲ್ಲ? ಹಾಗೆ ಹೇಳಿ."

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಬೇರೆ ಹಂಗಿಸಿದಳು. ಸರಿ, ಮತ್ತೆ ರಸ್ತೆ ದಾಟಿ ಹೋಗಿ ವರ್ಲೀನಳನ್ನು ಇನ್ನೊಂದು ತಟ್ಟೆ ಕೇಳಿದೆ. ನಾಚಿಕೆಯಾಯಿತು. ಈ ಸಲ ಗಮನವಿಟ್ಟು ತಿಂದೆ. ಮಾಂಸದ ಹೊರಗಡೆ ಕರಿ ಹೊಟ್ಟಿನಂಥ ಪದರ, ಅದು ಕಹಿ ಇರುತ್ತದೆ ಅಂದುಕೊಂಡಿದ್ದೆ, ಸಿಹಿ ಇತ್ತು. ಒಳಗೆ ನಾರುನಾರಾಗಿ ತಾನೇ ಬಿಟ್ಟುಕೊಳ್ಳುತ್ತದೆ, ಹಲ್ಲಿಗೆ ಕೆಲಸವಿಲ್ಲ. ಮೇಲೆ ವಿನಿಗರ್, ಮೆಣಸಿನ ನೀರು. ಬೇಯಿಸಿದ ಕಡಲೆಕಾಯಿ ಸಿಪ್ಪೆ ಒತ್ತಿದರೆ ಉಪ್ಪುನೀರು ಮೊಣಕೈವರೆಗೆ ಇಳಿಯುತ್ತದೆ. ಚಹಾ ಐಸ್ ಹಾಕಿ ಕೊಡುತ್ತಾರೆ, ಸಕ್ಕರೆ ಪಾಕ.

ಇದನ್ನೆಲ್ಲ ಹೇಳುವಾಗ ಕಣ್ಣು ಮುಚ್ಚಿಕೊಂಡು ಕೇಳಿದಳು. ನಿದ್ದೆ ಬಂತೇನೋ ಎಂದು ನಿಲ್ಲಿಸಿದೆ.

"ಮುಂದಕ್ಕೆ?" ಎಂದಳು.

"ಮುಂದೆ ಬಾಳೆಹಣ್ಣಿನ ಪುಡ್ಡಿಂಗ್."

"ಅದ್ರೊಳಗಿನ ಬಿಸ್ಕತ್ತು ಮೆತ್ತಗಾಗಿತ್ತಾ, ಗರಿಗರಿ ಇತ್ತಾ?"

ಅದನ್ನು ನಾನು ನೋಡಿರಲಿಲ್ಲ. ಮುಂದಿನ ಸಲ ನೋಡಬೇಕು.

ಸೆಪ್ಟೆಂಬರ್ 24, ಬುಧವಾರ

ಶಸ್ತ್ರಚಿಕಿತ್ಸೆ ಮಾಡುವುದಿಲ್ಲವಂತೆ. ಕ್ಯಾನ್ಸರ್ ಮೇದೋಜೀರಕದಿಂದ ಪಿತ್ತಕೋಶಕ್ಕೆ, ಅಲ್ಲಿಂದ ಎಲ್ಲ ಕಡೆಗೂ ಹರಡಿದೆಯಂತೆ. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅವರ ಪೆನ್ನು ಎರಡು ಸಲ ನಿಂತುಹೋಯಿತು. ಮೂರನೇ ಮಹಡಿಯಲ್ಲಿ ಅವಳೊಬ್ಬಳಿಗೇ ಕೋಣೆ ಕೊಟ್ಟಿದ್ದಾರೆ. ಕಿಟಕಿಯಿಂದ ಕ್ರೀಡಾಂಗಣ ಕಾಣುತ್ತದೆ. ಅವಳಿಗೆ ಖುಷಿ. ನನಗೆ ಇನ್ನು ಬರೆಯಲಾಗುವುದಿಲ್ಲ.

ಅಕ್ಟೋಬರ್ 4, ಶನಿವಾರ

ಈಗ ಕೋಣೆಯಲ್ಲಿ ಆರಾಮಕುರ್ಚಿ ಇದೆ, ರಾತ್ರಿ ಇರಬಹುದು. ಆದರೂ ನಿನ್ನೆ ಸಂಜೆ ಕೆಳಗಿಳಿದು ಹೋಗಿ ಡೇರೆಯ ಗೂಟ ಹೊಡೆಯಲು ಹಾಯ್ಟನ ಜೊತೆ ಕೈ ಜೋಡಿಸಿದೆ. ಅವನು ಹೊಡೆಯುವ ಗೂಟ ಒಂದೂ ನೆಟ್ಟಗಿರುವುದಿಲ್ಲ. ಆಮೇಲೆ ಕಾಗದದ ಲೋಟದಲ್ಲಿ ಬರ್ಬನ್ ವಿಸ್ಕಿ ಕೊಟ್ಟ.

"ಅಣ್ಣಾ, ಅತ್ತಿಗೆ ಹೆಂಗಿದಾರೆ?"

"ಹಾಗೇ ಇದಾಳೆ."

"ಹಾಗೇ ಅಂದ್ರೆ?"

"ಹಾಗೇ ಅಂದ್ರೆ ಕೆಳಗೆ ಇಳೀತಿದಾಳೆ ಹಾಯ್ಟ್."

ಅವನು ಬೆಂಕಿಯ ಕಡೆ ಬಗ್ಗಿದ. ಕಟ್ಟಿಗೆ ಸರಿಸಿ, ಲೋಟಕ್ಕೆ ಇನ್ನಷ್ಟು ಹಾಕಿದ.

ಇವತ್ತು ಎದುರು ತಂಡದ ಕಡೆಯವನೊಬ್ಬ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ನಮ್ಮ ಡೇರೆಗೇ ಬಂದು ನಮ್ಮ ಮಾಂಸವನ್ನೇ ತಿನ್ನುತ್ತಾ, "ನಿಮ್ಮ ಮೂವತ್ತೊಂದನೇ ನಂಬರ್ ಹುಡುಗ ಓಡೋದಲ್ಲ, ತೆವಳೋದು" ಎಂದ. ಬಂದವರಿಗೆ ಮೊದಲು ಊಟ ಹಾಕುವುದು ಇಲ್ಲಿನ ಪದ್ಧತಿ, ಜಗಳ ಆಮೇಲೆ. ನಾನು ಅವನು ತಟ್ಟೆ ಮುಗಿಸುವವರೆಗೂ ಕಾದಿದ್ದು, ಆ ಹುಡುಗನ ಮಂಡಿಗೆ ಎರಡು ವಾರದ ಹಿಂದೆ ಏಟು ಬಿದ್ದಿರುವುದನ್ನೂ, ಅಷ್ಟಾದರೂ ಅವನು ಎಷ್ಟು ಗಜ ಓಡಿದ್ದಾನೆ ಎಂಬುದನ್ನೂ ಬಿಡಿಸಿ ಹೇಳಿದೆ. ವರ್ಲೀನ್ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಕ್ಕಳು. ಯಾಕೆ ನಕ್ಕಳೋ.

ಆಟ ಕೊನೆಯ ನಿಮಿಷದವರೆಗೂ ಎಳೆಯಿತು. ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ನೆಲ್ಡಾಳ ಕೋಣೆಯ ಕಿಟಕಿಯ ಹತ್ತಿರ ನಿಂತು ನೋಡಿದೆ, ಕೆಳಗೆ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಮ್ಮ ಹುಡುಗರು ಗೆದ್ದಾಗ ಎದ್ದ ಅರಚಾಟಕ್ಕೆ ಗಾಜು ಅದುರಿತು. ನೆಲ್ಡಾ ತಾನೂ ಮೆಲ್ಲಗೆ ಅರಚಿದಳು. ಕೆಮ್ಮು ಬಂತು.

ಪುಡ್ಡಿಂಗಿನ ಬಿಸ್ಕತ್ತು ಕೆಳಗಡೆ ಮೆತ್ತಗೆ, ಮೇಲ್ಗಡೆ ಗರಿಗರಿ. ಹೇಳಿದೆ. ಹಾಗೇ ಇರಬೇಕು ಎಂದಳು.

ಅಕ್ಟೋಬರ್ 11, ಶನಿವಾರ

ಆಟ ಬೇರೆ ಊರಿನಲ್ಲಿತ್ತು. ರೇಡಿಯೊ ಹಾಕಿಕೊಂಡು ಕೂತೆವು. ಅವಳು ಅರ್ಧ ಎಚ್ಚರ, ಅರ್ಧ ಔಷಧದ ಮಂಪರು. ನಾವು ಮೂರು ಅಂಕದಿಂದ ಗೆದ್ದೆವು. ಐದಕ್ಕೆ ಐದು! ಈ ವರ್ಷ ನಮ್ಮನ್ನು ಹಿಡಿಯುವವರಿಲ್ಲ.

ಕೈ ಹಿಡಿದುಕೊಂಡಿದ್ದೆ. ಉಂಗುರ ತಾನಾಗಿ ಕಳಚಿ ನನ್ನ ಅಂಗೈಗೆ ಬಂತು. ಅವಳಿಗೆ ಗೊತ್ತಾಗಲಿಲ್ಲ. ದಾರ ಕಟ್ಟಿ ಮತ್ತೆ ತೊಡಿಸಿದೆ.

ಅಕ್ಟೋಬರ್ 15, ಬುಧವಾರ

ಡಾಕ್ಟರು ಹೊರಗೆ ಕರೆದು ಹೇಳಿದರು. ಇನ್ನು ದಿನಗಳ ಲೆಕ್ಕವಂತೆ. ಇಲ್ಲೇ ಇರಬಹುದು, ಮನೆಗೂ ಕರೆದುಕೊಂಡು ಹೋಗಬಹುದು, ಮನೆಗಾದರೆ ತಡ ಮಾಡಬೇಡಿ ಎಂದರು. ಒಳಗೆ ಹೋದಾಗ ನೆಲ್ಡಾಗೆ ನನ್ನ ಮುಖ ನೋಡಿಯೇ ಗೊತ್ತಾಗಿಹೋಗಿತ್ತು.

"ಮನೆಗೆ ಹೋಗೋಣ ಕಣ್ರೀ. ಈ ತೂತುತೂತಿನ ಸೀಲಿಂಗ್ ನೋಡಿ ನೋಡಿ ಸಾಕಾಯ್ತು. ನನ್ನ ಅಡುಗೆಮನೆ ಕಿಟಕೀಲಿ ಬೆಳಗಿನ ಬಿಸಿಲು ಬರುತ್ತಲ್ಲ, ಅದನ್ನ ಒಂದ್ಸಲ ನೋಡ್ಬೇಕು. ಕಣ್ಣು ಬಿಟ್ಕೊಂಡು ನೋಡ್ಬೇಕು. ಆಮೇಲೆ ಏನಾದ್ರೂ ಆಗ್ಲಿ."

"ಕರ್ಕೊಂಡು ಹೋಗ್ತೀನಿ."

"ಮಾತು ಕೊಡಿ."

ಕೊಟ್ಟೆ. ಈ ಹೆಂಗಸು ನನ್ನನ್ನು ಇಷ್ಟು ವರ್ಷದಲ್ಲಿ ಏನೂ ಕೇಳಿದವಳಲ್ಲ. ಕಾಲೇಜಿನ ಪಿಯಾನೊ ಶ್ರುತಿ ಮಾಡಲು ಬಂದ ಬಡವನ ಹಿಂದೆ ಟಸ್ಕರ್ ಕ್ರೀಕಿನಂಥ ಕೊಂಪೆಗೆ ಬಂದಳು. ಮಕ್ಕಳಾಗಲಿಲ್ಲ, ಅದಕ್ಕೂ ನನ್ನ ಮೇಲೆ ಒಂದು ಮಾತು ಆಡಲಿಲ್ಲ. ಈಗ ಕೇಳುತ್ತಿರುವುದು ಒಂದು ಕಿಟಕಿಯ ಬಿಸಿಲು.

ಅಕ್ಟೋಬರ್ 17, ಶುಕ್ರವಾರ

ಇಡೀ ದಿನ ಫೋನಿನಲ್ಲೇ ಹೋಯಿತು. ಬಾಡಿಗೆಯ ಆಸ್ಪತ್ರೆ ಮಂಚ ಮನೆಗೆ ತಲುಪುವುದು ನಾಳೆ ಮಧ್ಯಾಹ್ನ. ಅದನ್ನು ಮಲಗುವ ಕೋಣೆಯಲ್ಲಲ್ಲ, ಅಡುಗೆಮನೆಯಲ್ಲೇ ಹಾಕಿಸಿ, ಮೇಜು ಹೊರಗೆ ಇಡಿಸಿ ಎಂದು ಪಕ್ಕದ ಮನೆಯವರಿಗೆ ಹೇಳಿದ್ದೇನೆ. ನೋವಿನ ಔಷಧ ನೋಡಿಕೊಳ್ಳುವ ನರ್ಸ್ ಸಂಜೆಗೆ ಬರುತ್ತಾಳೆ. ಹಾಗಾಗಿ ನಾಳೆ ಬೆಳಿಗ್ಗೆಯೇ ಹೊರಡುವ ಹಾಗಿಲ್ಲ, ಭಾನುವಾರದವರೆಗೆ ಕಾಯಬೇಡಿ ಎನ್ನುತ್ತಾರೆ ಡಾಕ್ಟರು. ನಾಳೆ ಮಧ್ಯಾಹ್ನವೇ ಆಗಬೇಕು. ನಾಳೆ ಆಟ, ಅದೂ ಹಳೆಯ ವಿದ್ಯಾರ್ಥಿಗಳೆಲ್ಲ ವಾಪಸು ಬರುವ ಆಟ.

ಆಂಬುಲೆನ್ಸಿನ ಹೆಂಗಸು ಖಡಾಖಂಡಿತವಾಗಿ ಹೇಳಿದಳು: "ಆಟ ಶುರುವಾದ ತಕ್ಷಣ ಹೊರಟ್ಬಿಡೋಣ ಸರ್. ಆಗ ರಸ್ತೆ ಖಾಲಿ."

ನಾನು ಸರಿ ಎನ್ನುವವನಿದ್ದೆ. ಆದರೆ ನೆಲ್ಡಾ, "ಆಟದ ಮಧ್ಯೆ ಅರ್ಧವಿರಾಮದಲ್ಲಿ ಹಳೇ ಬ್ಯಾಂಡಿನೋರೆಲ್ಲಾ ಸೇರಿ ನುಡಿಸ್ತಾರಲ್ಲ, ಅದನ್ನ ಕಿಟಕೀಲಿ ಕೇಳಿಸ್ಕೊಂಡು ಹೋಗೋಣ್ವಾ?" ಎಂದಳು. ಹೋಗಿ ಹಾಯ್ಟನನ್ನು ಕೇಳಿದೆ.

"ಅರ್ಧವಿರಾಮ ಆದ್ಮೇಲೆ ಹೊರಟ್ರೆ ಏನಪ್ಪಾ? ರಸ್ತೆ?"

"ಏನೂ ಯೋಚ್ನೆ ಮಾಡ್ಬೇಡಿ ಅಣ್ಣ. ಆಟ ಮುಗಿಯೋವರ್ಗೂ ಒಬ್ನೂ ಎದ್ದು ಬರಲ್ಲ. ಹೆದ್ದಾರೀಲಿ ಹಾಸಿಗೆ ಹಾಸ್ಕೊಂಡು ಮಲಗ್ಬೋದು."

ವರ್ಲೀನ್ ಬೇಯಿಸಿದ ಮೊಟ್ಟೆ ಸೀಳುತ್ತಾ, "ಈ ವರ್ಷದ ಆಟ ಬಿಟ್ಟು ಯಾವ ಪುಣ್ಯಾತ್ಮ ಮಧ್ಯ ಎದ್ದು ಬರ್ತಾನೆ?" ಎಂದಳು.

ಆಂಬುಲೆನ್ಸಿನವಳಿಗೆ ಫೋನು ಮಾಡಿ ಅರ್ಧವಿರಾಮ ಮುಗಿದ ಮೇಲೆ ಎಂದೆ. "ಆಟ ಕೆಟ್ರೆ ಸರ್?" ಎಂದು ಕೇಳಿದಳು. ಹುಚ್ಚು ಹುಡುಗಿ, ಪಕ್ಕದ ರಾಜ್ಯದವಳಂತೆ, ಅವಳಿಗೇನು ಗೊತ್ತು. ಈ ವರ್ಷ ನಮ್ಮವರು ಸೋಲುವ ಪೈಕಿ ಅಲ್ಲ ಕಣಮ್ಮ ಎಂದೆ.

ಅಕ್ಟೋಬರ್ 18, ಶನಿವಾರ ಬೆಳಿಗ್ಗೆ

ನೆಲ್ಡಾ ಚುರುಕಾಗಿದ್ದಾಳೆ. ಕೂದಲು ಬಾಚಿಸಿಕೊಂಡಳು, ಹಸಿರು ಸ್ವೆಟರ್ ಬೇಕೆಂದಳು, ಹೆಗಲ ಮೇಲೆ ಹೊದಿಸಿದೆ. ಬಿಸಿಲು ಚೆನ್ನಾಗಿದೆ, ಗಾಳಿಯಲ್ಲಿ ಹೊಗೆಯ ವಾಸನೆ. ಎಲ್ಲ ತಯಾರು.

ಅಕ್ಟೋಬರ್ 20, ಸೋಮವಾರ

ಬರೆದು ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ ತಲೆಯಲ್ಲೇ ಗಿರಕಿ ಹೊಡೆಯುತ್ತದೆ.

ಆಟ ಶುರುವಾದ ಹತ್ತೇ ನಿಮಿಷದಲ್ಲಿ ಎದುರು ತಂಡದವರು ಎರಡು ಸಲ ಗೆರೆ ದಾಟಿ ಅಂಕ ಹೊಡೆದರು. ಆಗಲಿ, ಎದ್ದು ನಿಲ್ಲುತ್ತಾರೆ ಎಂದೆ. ಮೂರನೆಯದೂ ಆಯಿತು. ನಮ್ಮ ಮೂವತ್ತೊಂದನೇ ನಂಬರಿನ ಹುಡುಗ ಚೆಂಡು ಕೈಬಿಟ್ಟ, ಎದುರಿನವನು ಅದನ್ನೆತ್ತಿಕೊಂಡು ಓಡಿ ನಾಲ್ಕನೆಯದೂ ಆಯಿತು. ರೇಡಿಯೊದವನ ದನಿ ಕುಗ್ಗುತ್ತಾ ಹೋಯಿತು. ಆಗಲಾದರೂ ನಾನು ಕೆಳಗೆ ಓಡಿಹೋಗಿ ಆಂಬುಲೆನ್ಸಿನವಳಿಗೆ ಈಗಲೇ ಹೊರಡೋಣ ಎನ್ನಬಹುದಿತ್ತು. ಎನ್ನಲಿಲ್ಲ. ಎರಡನೇ ಭಾಗದಲ್ಲಿ ಸುಧಾರಿಸಿಕೊಳ್ಳುತ್ತಾರೆ ಎಂದು ಕಿಟಕಿ ಹಿಡಿದು ನಿಂತಿದ್ದೆ.

ಅರ್ಧವಿರಾಮಕ್ಕೆ ನಲವತ್ತೆರಡು, ಸೊನ್ನೆ.

ಬ್ಯಾಂಡ್ ನುಡಿಸಿತು. ನೆಲ್ಡಾಳ ಬೆರಳುಗಳು ಹೊದಿಕೆಯ ಮೇಲೆ ಪಿಕೊಲೊದ ರಂಧ್ರ ಮುಚ್ಚಿ ತೆರೆದು ಮಾಡಿದವು. ತುತ್ತೂರಿಯವರು ಶ್ರುತಿಯಲ್ಲಿರಲಿಲ್ಲ, ನನಗದು ಗೊತ್ತಾಯಿತು, ಅವಳಿಗೆ ಹೇಳಲಿಲ್ಲ. ನಾವು ಕೆಳಗಿಳಿದು ಗೇಟು ದಾಟುವ ಹೊತ್ತಿಗೆ ಇನ್ನು ನೋಡುವುದೇನಿದೆ ಎಂದು ಜನ ಆಟದ ಮಧ್ಯದಲ್ಲೇ ಕ್ರೀಡಾಂಗಣದಿಂದ ಸುರಿದು ಬರುತ್ತಿದ್ದರು. ಇಡೀ ಊರು ಒಂದೇ ಸಲ ಮನೆಗೆ ಹೊರಟಿತ್ತು. ಪಿಕಪ್‌ಗಳು, ಮನೆಯಷ್ಟು ದೊಡ್ಡ ಬಸ್ಸುಗಳು, ಎಲ್ಲಿ ನೋಡಿದರೂ ಹಸಿರು. ಇನ್ನೂರು ಗಜ ಹೋಗಿ ನಿಂತೆವು.

"ಸೈರನ್ ಹಾಕಮ್ಮ" ಎಂದೆ.

"ಹಾಕ್ದೆ ಸರ್. ಸರಿಯೋಕೆ ಅವ್ರಿಗೇ ಜಾಗ ಇಲ್ಲ."

ಒಳಗೆ ಸೆಕೆ. ನೆಲ್ಡಾ ಬಾಗಿಲು ತೆಗೆಸಿ ಎಂದು ಕೈ ಮಾಡಿದಳು. ಹಿಂದಿನ ಬಾಗಿಲು ತೆರೆದೆವು. ಜನ ತಲೆ ತಗ್ಗಿಸಿಕೊಂಡು ಬಾಗಿಲಿನ ಮುಂದೆಯೇ ಹಾದುಹೋಗುತ್ತಿದ್ದರು.

"ಇವ್ರ ಮುಖ ನೋಡಿದ್ರೆ, ಸಾಯ್ತಿರೋದು ನಾನಲ್ಲ, ಇವ್ರು ಅನ್ಸುತ್ತೆ" ಎಂದಳು. ಆಂಬುಲೆನ್ಸಿನವಳು ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು.

ಒಬ್ಬ ಮುದುಕ ನಿಂತು ಇಣುಕಿದ. ನೆಲ್ಡಾ ಅವನನ್ನು ಕೇಳಿದಳು: "ಎಷ್ಟಾಯ್ತು?"

"ಕೇಳ್ಬೇಡಿ ಅಮ್ಮ" ಎಂದ. ಅವಳ ಸ್ವೆಟರಿನ ಬಣ್ಣ ನೋಡಿ ಟೋಪಿ ತೆಗೆದ.

ಅಷ್ಟರಲ್ಲಿ ಹಾಯ್ಟ್ ಓಡಿ ಬಂದ. ಡೇರೆಯಿಂದ ನಮ್ಮನ್ನು ಕಂಡಿದ್ದನಂತೆ. ಮುಖ ಸುಣ್ಣದ ಹಾಗಿತ್ತು. ನೇರ ಮುಂದೆ ಹೋಗಿ, "ಸರೀರೋ! ಲೇ, ಹುಲ್ಲಿನ ಮೇಲೆ ಹತ್ಸೋ ಗಾಡೀನಾ! ಒಳಗೆ ನಮ್ ಅಕ್ಕ ಇದಾರೆ ಕಣ್ರೋ!" ಎಂದು ಎದೆ ಒಡೆಯುವ ಹಾಗೆ ಕೂಗುತ್ತಾ ಒಂದೊಂದೇ ಗಾಡಿಯ ಬಾನೆಟ್ ಬಡಿದು ಸರಿಸಿದ. ವರ್ಲೀನ್ ಆ ಪಕ್ಕ. ಅಷ್ಟಾದರೂ ಹೆದ್ದಾರಿ ಸೇರುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು.

ಅಷ್ಟು ಹೊತ್ತೂ ಅವಳು ಎಚ್ಚರವಿದ್ದಳು, ಅದೇ ನನ್ನನ್ನು ಸುಡುವುದು. ಮಾತಾಡಿದಳು, ನಕ್ಕಳು. ವರ್ಲೀನ್ ಇವತ್ತು ಏನು ಮಾಡಿದ್ದಾಳೆ ಎಂದು ಕೇಳಿದಳು. ಮೆಕ್ಕೆಜೋಳ, ಕೋಳಿ, ಟೊಮೆಟೊ ಹಾಕಿ ಗೊಜ್ಜಿನ ಹಾಗೆ ಮಾಡಿದ್ದಾಳೆ, ತಳ ಸ್ವಲ್ಪ ಸೀದಿದೆ, ಆ ಸೀದ ವಾಸನೆಯೇ ರುಚಿ ಎಂದೆ. "ಈಗ ಹೇಳೋಕೆ ಕಲ್ತ್ರಿ" ಎಂದಳು. ಹೆದ್ದಾರಿಗೆ ಬಿದ್ದ ಮೇಲೆ ಕಣ್ಣು ಮುಚ್ಚಿದಳು. ದಣಿವು, ಮಲಗಲಿ ಎಂದುಕೊಂಡೆ. ಅವಳ ಹತ್ತಿರ ಎಷ್ಟು ಎಚ್ಚರ ಉಳಿದಿತ್ತೋ ಅಷ್ಟನ್ನೂ ಆ ರಸ್ತೆಯಲ್ಲೇ ಖರ್ಚು ಮಾಡಿದ್ದಳು.

ಮನೆ ತಲುಪಿದಾಗ ಕತ್ತಲು. ಮಂಚ ಹೇಳಿದ ಹಾಗೆ ಅಡುಗೆಮನೆಯಲ್ಲೇ ಇತ್ತು. "ಮನೆ ಬಂತು ಕಣೇ. ನೆಲ್ಡಾ, ಮನೆ ಬಂತು. ಕಣ್ಣು ಬಿಡು" ಎಂದೆ. ಬಿಡಲಿಲ್ಲ. ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬಂದು ಹೊದಿಕೆಯ ಮೇಲೆ, ಕೈ ಮೇಲೆ, ಆಮೇಲೆ ಮುಖದ ಮೇಲೆ ಬಿತ್ತು. ನೋಡೇ, ಬಿಸಿಲು ಬಂತು ನೋಡೇ ಎಂದು ಹೇಳುತ್ತಲೇ ಇದ್ದೆ. ರೆಪ್ಪೆ ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೋದಳು.

ಮಾತು ಕೊಟ್ಟಿದ್ದೆ.

ಆ ಹಾಯ್ಟನ ಮುಖ ಇನ್ನು ನಾನು ನೋಡಲಾರೆ. ಒಬ್ಬನೂ ಎದ್ದು ಬರಲ್ಲವಂತೆ! ಹೆದ್ದಾರಿಯಲ್ಲಿ ಹಾಸಿಗೆ ಹಾಸಿಕೊಂಡು ಮಲಗಬಹುದಂತೆ! ಪಕ್ಕದ ರಾಜ್ಯದಿಂದ ಬಂದ ಹುಡುಗಿಗೆ ಹೊಳೆದದ್ದು ಇವನಿಗೆ ಹೊಳೆಯಲಿಲ್ಲವೇ? ಎಂದಾದರೂ ಎದುರಿಗೆ ಸಿಕ್ಕರೆ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೇನೆ.

ಅಕ್ಟೋಬರ್ 23, ಗುರುವಾರ

ಮಣ್ಣು ಮಾಡಿ ಬಂದೆ.

ಪಾದ್ರಿಗಳು ಶನಿವಾರ ಇಟ್ಟುಕೊಳ್ಳೋಣ, ದೂರದವರಿಗೆ ಅನುಕೂಲ ಎಂದಿದ್ದರು. ಶನಿವಾರ ಆಟ ಇದೆ, ಯಾರೂ ಬರುವುದಿಲ್ಲ, ಗುರುವಾರವೇ ಆಗಲಿ ಎಂದೆ. ಟಸ್ಕರ್ ಕ್ರೀಕಿನವರೇ ಒಂದಷ್ಟು ಜನ ಬಂದಿದ್ದರು, ನನಗೆ ಯಾರ ಮುಖವೂ ನೆನಪಿಲ್ಲ. ಪಾದ್ರಿಗಳು ಹೇಳಿದ್ದೂ ಕಿವಿಗೆ ಬೀಳಲಿಲ್ಲ. ಚರ್ಚಿನ ಪಿಯಾನೊ ಮಾತ್ರ ಸರಿಯಿತ್ತು. ಬೇಸಿಗೆಯಲ್ಲಿ ನಾನೇ ಶ್ರುತಿ ಮಾಡಿದ್ದು.

ಎಲ್ಲ ಮುಗಿದು ಜನ ಚದುರಿದ ಮೇಲೆ ನೋಡಿದರೆ ಸ್ಮಶಾನದ ಬೇಲಿಯ ಹೊರಗೆ ಹಾಯ್ಟ್ ನಿಂತಿದ್ದ. ಟೈ ಕಟ್ಟಿಕೊಂಡಿದ್ದ, ಕುತ್ತಿಗೆಗೆ ಬಿಗಿಯಾಗಿ ಮುಖವೆಲ್ಲ ಕೆಂಪಗಾಗಿತ್ತು. ಪಕ್ಕದಲ್ಲಿ ವರ್ಲೀನ್, ಬಟ್ಟೆ ಮುಚ್ಚಿದ ಪಾತ್ರೆ ಹಿಡಿದುಕೊಂಡು. ಒಳಗೆ ಬರಲು ಧೈರ್ಯ ಸಾಲದೆ ಅಷ್ಟು ಹೊತ್ತೂ ಅಲ್ಲೇ ನಿಂತಿದ್ದರಂತೆ.

ಜೋಡಿಸಿಟ್ಟ ಮಾತನ್ನೆಲ್ಲ ಹೊತ್ತುಕೊಂಡೇ ಅವನ ಕಡೆ ನಡೆದೆ.

"ಅಣ್ಣಾ" ಎಂದ. "ನೀವು ಹೊಡೀರಿ, ಬೈರಿ, ಏನಾದ್ರೂ ಮಾಡಿ. ನನ್ನ ಮಾತು ಕೇಳೇ ನೀವು ಕೆಟ್ರಿ. ನಾನು ಬೆಳಿಗ್ಗೆ ಎದ್ದಾಗ್ಲಿಂದ ರಾತ್ರಿವರ್ಗೂ ಅದನ್ನೇ ನೆನೆಸ್ಕೋತಿದೀನಿ. ನಮ್ ಹುಡುಗ್ರು ಸೋಲ್ಬೋದು ಅಂತ ನನ್ನ ತಲೆಗೆ ಬರ್ಲೇ ಇಲ್ಲ ಅಣ್ಣ. ದೇವ್ರಾಣೆ ಬರ್ಲೇ ಇಲ್ಲ."

ಜೋಡಿಸಿಟ್ಟದ್ದರಲ್ಲಿ ಒಂದೂ ಬರಲಿಲ್ಲ.

"ನನ್ನ ತಲೆಗೂ ಬರ್ಲಿಲ್ಲ ಕಣಪ್ಪ" ಎಂದೆ. "ಕೊನೆವರ್ಗೂ ಕಿಟಕಿ ಹಿಡ್ಕೊಂಡು ನಿಂತಿದ್ದೆ. ನಾವು ಗೆಲ್ತೀವಿ ಅಂತ್ಲೇ ಇದ್ದೆ."

ಅವನು ಬೇಲಿಯ ಮೇಲಿಂದಲೇ ನನ್ನ ಎರಡೂ ತೋಳು ಹಿಡಿದುಕೊಂಡು ಗೊಳೋ ಎಂದು ಅತ್ತ. ನಾನೂ ಅತ್ತೆ.